ಯಂತ್ರದೇಹದ ಆಟಕ್ಕೆ ಮನೆಯ ನಿಯಮಗಳು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಊಟದ ಬಿಡುವಿನ ವೇಳೆಯಲ್ಲಿ, ನಮ್ಮ ಶಾಲೆಯ ಎಂಟನೆಯ ತರಗತಿಯ ಮೂವರು ಬಾಲಕರೂ ಒಬ್ಬ ಬಾಲಕಿಯೂ ಒಂದು ನೋಟುಪುಸ್ತಕವನ್ನು ಹಿಡಿದುಕೊಂಡು ನನ್ನ ಕೊಠಡಿಗೆ ಬಂದರು. ಬಂದವರು ಜಗಳವಾಡಿಕೊಂಡೇ ಬಂದಿದ್ದರು. “ಸೋಲುವ ಹೊತ್ತಿಗೆ ಇವನು ನಿಯಮವನ್ನೇ ಬದಲಾಯಿಸಿದ, ಸಾರ್” ಎಂಬುದು ಒಬ್ಬನ ದೂರು. “ನಿಯಮ ಬರೆದವನು ನಾನು, ಬದಲಾಯಿಸಲು ನನಗೆ ಅಧಿಕಾರವಿಲ್ಲವೇ?” ಎಂಬುದು ಮತ್ತೊಬ್ಬನ ವಾದ. ಆ ದಿನ ನನಗೆ ಬೇರೆ ಕೆಲಸಗಳ ಒತ್ತಡವಿತ್ತು. ಪುಸ್ತಕವನ್ನು ಕಸಿದುಕೊಂಡು ಮೇಜಿನ ಖಾನೆಗೆ ಹಾಕಿ, ಪಾಠಕ್ಕೆ ಸಲ್ಲಬೇಕಾದ ಬುದ್ಧಿಯನ್ನು ಆಟದಲ್ಲಿ ಪೋಲು ಮಾಡುತ್ತಿದ್ದೀರೆಂದು ಗದರಿಸಿ ಅವರನ್ನು ಕಳುಹಿಸಿಬಿಟ್ಟೆ.

ಒಂದು ವಾರದ ಮೇಲೆ ಏನನ್ನೋ ಹುಡುಕುವಾಗ ಆ ಪುಸ್ತಕ ಕೈಗೆ ಸಿಕ್ಕಿತು. ಸುಮ್ಮನೆ ತೆರೆದವನು ಕೊನೆಯ ಪುಟದವರೆಗೂ ಓದಿದೆ. ಗಣಿತವೂ ನ್ಯಾಯವೂ ಕಥೆಯೂ ಬೆರೆತ ಒಂದು ಸಣ್ಣ ಶಾಸನವನ್ನೇ ಆ ಮಕ್ಕಳು ಬರೆದಿದ್ದರು. ನನ್ನ ಆತುರಕ್ಕೆ ನಾಚಿಕೆಯಾಯಿತು. ಆ ನಾಲ್ವರನ್ನು ಕರೆಸಿ ಪುಸ್ತಕವನ್ನು ಹಿಂದಿರುಗಿಸಿದೆ. ಆಟವನ್ನು ನನಗೂ ಕಲಿಸಿರೆಂದು ಕೇಳಿಕೊಂಡೆ. ಅಂದಿನಿಂದ ಅವರ ಸಂಗಡ ಕುಳಿತು ತಿಳಿದುಕೊಂಡ ವಿಚಾರವನ್ನು, ಇದರ ಹಿನ್ನೆಲೆಯ ಕುರಿತು ಓದಿ ತಿಳಿದ ಸಂಗತಿಗಳೊಂದಿಗೆ, ಇಲ್ಲಿ ವಿದ್ಯಾರ್ಥಿಗಳ ಮತ್ತು ಹೆತ್ತವರ ಮುಂದಿಡುತ್ತಿದ್ದೇನೆ.

ಈ ಬಗೆಯ ಆಟವನ್ನು ಅರಿಯುವುದಕ್ಕೆ ನಮ್ಮ ಕಾಸರಗೋಡು ಸೀಮೆಯವರಿಗೆ ತಾಳಮದ್ದಳೆಗಿಂತ ಒಳ್ಳೆಯ ಉಪಮಾನ ಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಕರ್ಣನಾಗಿಯೂ ಕೃಷ್ಣನಾಗಿಯೂ ಮಾತನಾಡುತ್ತಾರೆ; ಮಾತು ಆ ಕ್ಷಣದಲ್ಲಿಯೇ ಹುಟ್ಟುತ್ತದೆ; ಭಾಗವತರು ಪದ ಹಾಡಿ ಕಥೆಯನ್ನು ಮುಂದುವರಿಸುತ್ತಾರೆ. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟವೂ ಹೀಗೆಯೇ. ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ವಹಿಸುತ್ತಾನೆ. ಭಾಗವತರ ಸ್ಥಾನದಲ್ಲಿ ಒಬ್ಬ ಸೂತ್ರಧಾರನಿರುತ್ತಾನೆ. ಒಂದು ಮುಖ್ಯ ವ್ಯತ್ಯಾಸವುಂಟು. ಪ್ರಸಂಗದಲ್ಲಿ ಕರ್ಣನ ಗತಿ ಏನೆಂಬುದು ಸಭಿಕರಿಗೆ ಮೊದಲೇ ಗೊತ್ತು. ಈ ಆಟದಲ್ಲಿ ಕಥೆಯ ಕೊನೆ ಸೂತ್ರಧಾರನಿಗೂ ತಿಳಿಯದು. ಪಾತ್ರಧಾರಿಯು ಮಾಡಹೊರಟ ಕಾರ್ಯ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳವೂ ನಿಯಮವೂ ಕೂಡಿ ತೀರ್ಮಾನಿಸುತ್ತವೆ.

ಇಂತಹ ಆಟಗಳ ಹುಟ್ಟನ್ನು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಎಂಬವನು ಸೇನಾನಾಯಕರ ಶಿಕ್ಷಣಕ್ಕಾಗಿ ನಕಾಶೆಯ ಮೇಲೆ ಆಡುವ ಯುದ್ಧದಾಟವೊಂದನ್ನು ಪ್ರಕಟಿಸಿದನು. ಅದರಲ್ಲಿ ದಾಳವೂ ಇತ್ತು, ಮಧ್ಯಸ್ಥನೂ ಇದ್ದನು. ಮುಂದೆ ಇಂತಹ ಆಟಗಳು ವಿನೋದಕ್ಕಾಗಿ ಆಡುವವರ ಕೈಗೂ ಬಂದವು. ಅಮೆರಿಕದಲ್ಲಿ 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಎಂಬವರು ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಗಳನ್ನು ಅಚ್ಚು ಹಾಕಿಸಿದರು. ಡೇವ್ ಆರ್ನ್‌ಸನ್ ಎಂಬವರು ತಮ್ಮ ಮಿತ್ರರೊಡನೆ ಆಡುವಾಗ ಆ ನಿಯಮಗಳು ಸಾಲದೆ, ತಮ್ಮದೇ ಕೆಲವನ್ನು ಸೇರಿಸುತ್ತ, ಕೆಲವನ್ನು ಬಿಡುತ್ತ ಹೋದರು. ಹಾಗೆ ತಿದ್ದಿ ಬೆಳೆಸಿದ ಆಟದಿಂದ 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನ್‌ಸನ್ ಇವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿತು. ಪಾತ್ರ ವಹಿಸಿ ಆಡುವ ಆಟಗಳಲ್ಲಿ ಅಚ್ಚಾಗಿ ಹೊರಬಂದ ಮೊದಲನೆಯದು ಅದೇ. ಎಂದರೆ ಈ ಕುಲವೇ ಮನೆಯ ನಿಯಮಗಳಿಂದ ಹುಟ್ಟಿದ್ದು. ಚೆನ್ನೆಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲುಗಳು ಎಲ್ಲರಿಗೂ ಒಂದೇ. ಆದರೆ ಆಡುವ ಕ್ರಮದಲ್ಲಿ ಅಜ್ಜಿಯ ಮನೆಯ ಪದ್ಧತಿ ಬೇರೆ, ಅತ್ತೆಯ ಮನೆಯ ಪದ್ಧತಿ ಬೇರೆ. ಆದುದರಿಂದ ‘ಮನೆಯ ನಿಯಮ’ ಎಂಬುದು ನಮಗೆ ಹೊಸದೇನೂ ಅಲ್ಲ.

ಇನ್ನು ಯಂತ್ರದೇಹದ ವಿಚಾರ. ‘ಮೆಕಾ’ ಎಂಬುದು ‘ಮೆಕ್ಯಾನಿಕಲ್’ ಮೊದಲಾದ ಇಂಗ್ಲಿಷ್ ಶಬ್ದಗಳನ್ನು ಜಪಾನೀಯರು ಮೊಟಕುಗೊಳಿಸಿ ಮಾಡಿಕೊಂಡ ಪದ. ತಾಳೆಮರದೆತ್ತರದ ಲೋಹದ ದೇಹ. ಅದರೊಳಗೆ ಒಬ್ಬ ಮನುಷ್ಯ ಕುಳಿತು, ನಮ್ಮಲ್ಲಿ ಬಸ್ಸು ನಡೆಸಿದಂತೆ, ಅದನ್ನು ನಡೆಸುತ್ತಾನೆ. ಜಪಾನಿನಲ್ಲಿ 1972ರಲ್ಲಿ ಗೋ ನಾಗಾಯ್ ಅವರ ‘ಮಾಜಿಂಗರ್ ಝಡ್’ ಎಂಬ ಚಿತ್ರಕಥೆಯಿಂದ ಈ ಕಲ್ಪನೆ ಜನಪ್ರಿಯವಾಯಿತು. 1979ರಲ್ಲಿ ಬಂದ ‘ಗುಂಡಮ್’ ಎಂಬ ದೂರದರ್ಶನ ಚಿತ್ರಮಾಲೆಯು ಇಂತಹ ಯಂತ್ರಗಳನ್ನು ಯುದ್ಧದ ಸಾಧನಗಳೆಂದು ತೋರಿಸಿ, ಅವುಗಳೊಳಗೆ ಕುಳಿತ ಎಳೆಯರ ಭಯವನ್ನೂ ದುಃಖವನ್ನೂ ಚಿತ್ರಿಸಿತು. ಅಮೆರಿಕದಲ್ಲಿ 1984ರಲ್ಲಿ ಇಂತಹ ಯಂತ್ರಗಳ ಮೇಜಿನಾಟವೊಂದು ಪ್ರಕಟವಾಯಿತು. ಮರುವರ್ಷ ಅದಕ್ಕೆ ‘ಬ್ಯಾಟಲ್‌ಟೆಕ್’ ಎಂಬ ಹೆಸರಾಯಿತು. ನಮ್ಮ ಮಕ್ಕಳಲ್ಲಿ ಒಬ್ಬನ ಅಣ್ಣ ಬೆಂಗಳೂರಿನಲ್ಲಿ ಓದುವವನು. ರಜೆಯಲ್ಲಿ ಊರಿಗೆ ಬಂದಾಗ ಅವನು ಹೇಳಿದ್ದನ್ನು ಕೇಳಿ, ಮಕ್ಕಳು ತಮ್ಮದೇ ಒಂದು ಆಟವನ್ನು ಕಟ್ಟಹೊರಟಿದ್ದರು.

ಬ್ಯಾಟಲ್‌ಟೆಕ್ ಆಟದಲ್ಲಿ ನನ್ನನ್ನು ಹೆಚ್ಚು ಆಕರ್ಷಿಸಿದ್ದು ಶಾಖದ ನಿಯಮ. ಯಂತ್ರ ನಡೆದರೆ 1 ಅಂಶ ಶಾಖ, ಓಡಿದರೆ 2. ಆಯುಧವನ್ನು ಪ್ರಯೋಗಿಸಿದರೆ ಮತ್ತಷ್ಟು: ಮಧ್ಯಮ ಗಾತ್ರದ ಲೇಸರಿಗೆ 3, ದೊಡ್ಡದಕ್ಕೆ 8. ಶಾಖವನ್ನು ಹೊರಹಾಕುವ ಸಾಧಾರಣ ಉಪಕರಣವೊಂದು ಪ್ರತಿ ಸುತ್ತಿಗೆ 1 ಅಂಶವನ್ನು ತಗ್ಗಿಸುತ್ತದೆ. ಉಳಿದ ಶಾಖ ಏರುತ್ತ ಹೋದರೆ ಯಂತ್ರದ ನಡಿಗೆ ನಿಧಾನವಾಗುತ್ತದೆ, ಗುರಿ ತಪ್ಪುತ್ತದೆ. 30 ಅಂಶ ಮುಟ್ಟಿದರೆ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಆದುದರಿಂದ ಆಟಗಾರನು ಪ್ರತಿ ಸುತ್ತಿನಲ್ಲಿಯೂ “ಇನ್ನೊಮ್ಮೆ ಹೊಡೆಯಲೋ, ತಣಿಯಲು ಬಿಡಲೋ?” ಎಂದು ಯೋಚಿಸಲೇಬೇಕು. ಒಳ್ಳೆಯ ನಿಯಮದ ಲಕ್ಷಣವೇ ಇದು. ಅದು ಆಟಗಾರನ ಮುಂದೆ ಎರಡು ದಾರಿಗಳನ್ನಿಡುತ್ತದೆ. ಎರಡಕ್ಕೂ ಒಂದೊಂದು ಬೆಲೆ ಕಟ್ಟುತ್ತದೆ.

ನಮ್ಮ ಮಕ್ಕಳ ಮೊದಲ ಬರಹದಲ್ಲಿ ಈ ಗುಣವಿರಲಿಲ್ಲ. ಅವರ ಯಂತ್ರಕ್ಕೆ ಎರಡು ಫಿರಂಗಿಗಳು. ಚಿಕ್ಕದು 2 ಅಂಶ ಹಾನಿ ಮಾಡುತ್ತದೆ, 1 ಅಂಶ ಶಾಖ ತರುತ್ತದೆ. ದೊಡ್ಡದು 5 ಅಂಶ ಹಾನಿ ಮಾಡುತ್ತದೆ, 2 ಅಂಶ ಶಾಖ ತರುತ್ತದೆ. ಪ್ರತಿ ಸುತ್ತಿನ ಕೊನೆಯಲ್ಲಿ 2 ಅಂಶ ಶಾಖ ಇಳಿಯುತ್ತದೆ. ಹೀಗಿರುವಾಗ ದೊಡ್ಡ ಫಿರಂಗಿಯ ಶಾಖವೆಲ್ಲ ಅದೇ ಸುತ್ತಿನಲ್ಲಿ ಇಳಿದುಹೋಗುತ್ತದೆ. ಚಿಕ್ಕದನ್ನು ಯಾರು ತಾನೇ ಬಳಸುವರು? ನಾಲ್ವರೂ ದೊಡ್ಡದನ್ನೇ ಹಾರಿಸುತ್ತ ಕುಳಿತರು. ಪುಸ್ತಕದಲ್ಲಿ ಎರಡು ಆಯುಧಗಳಿದ್ದರೂ ಆಟದಲ್ಲಿ ಒಂದೇ ಉಳಿಯಿತು.

ಅನಂತರ ಅವರು ಹೀಗೆ ತಿದ್ದಿದರು. ಚಿಕ್ಕ ಫಿರಂಗಿಗೆ 2 ಅಂಶ ಶಾಖ, ದೊಡ್ಡದಕ್ಕೆ 5. ನಡೆದರೆ 1, ಓಡಿದರೆ 2, ನಿಂತಲ್ಲಿಯೇ ಇದ್ದರೆ ಸೊನ್ನೆ. ಹೊಡೆದ ಕೂಡಲೇ ಶಾಖವನ್ನು ಎಣಿಸಬೇಕು. ಅದು 10 ಅಥವಾ ಹೆಚ್ಚಾಗಿದ್ದರೆ ಮುಂದಿನ ಸುತ್ತು ಆ ಯಂತ್ರ ನಿಶ್ಚಲ. ಈಗ ಲೆಕ್ಕ ಹಾಕಿ ನೋಡಿರಿ. ನಡೆಯುತ್ತ ದೊಡ್ಡದನ್ನು ಹಾರಿಸಿದರೆ ಮೊದಲ ಸುತ್ತಿನಲ್ಲಿ 6, ತಣಿದು 4, ಎರಡನೆಯ ಸುತ್ತಿನಲ್ಲಿ ಮತ್ತೆ 6 ಸೇರಿ 10, ಯಂತ್ರ ನಿಂತಿತು. ನಿಂತಲ್ಲಿಂದಲೇ ಹಾರಿಸಿದರೆ 5, ತಣಿದು 3. ಮತ್ತೆ 8, ತಣಿದು 6. ಮೂರನೆಯ ಸಲ 11. ಇಲ್ಲಿ ಒಂದು ಹೊಡೆತ ಹೆಚ್ಚು ದೊರೆಯಿತು. ಆದರೆ ನಿಂತ ಯಂತ್ರವನ್ನು ಎದುರಾಳಿ ಸುಲಭವಾಗಿ ಗುರಿಯಿಡಬಲ್ಲನು. ನಡೆಯುತ್ತ ಚಿಕ್ಕದನ್ನು ಹಾರಿಸಿದರೆ ಏಳು ಸುತ್ತುಗಳವರೆಗೆ ಭಯವಿಲ್ಲ. ಹೀಗೆ ಎರಡು ಅಂಕಿಗಳನ್ನು ತಿದ್ದಿದ್ದರಿಂದ ಮೂರು ಬಗೆಯ ಯುದ್ಧಕ್ರಮಗಳು ಹುಟ್ಟಿದವು.

ಎರಡನೆಯ ಪಾಠ ದಾಳದ ಗಣಿತ. ಒಂದೇ ದಾಳವನ್ನು ಉರುಳಿಸಿದರೆ 1ರಿಂದ 6ರವರೆಗಿನ ಸಂಖ್ಯೆಗಳೆಲ್ಲ ಸಮಾನವಾಗಿ ಬೀಳುವ ಸಂಭವವುಂಟು. ಎರಡು ದಾಳಗಳ ಮೊತ್ತ ಹಾಗಲ್ಲ. ಒಟ್ಟು 36 ರೀತಿಗಳಲ್ಲಿ ಅವು ಬೀಳಬಹುದು. ಅವುಗಳಲ್ಲಿ 7 ಎಂಬ ಮೊತ್ತ 6 ರೀತಿಗಳಲ್ಲಿ ಬರುತ್ತದೆ. 12 ಒಂದೇ ರೀತಿಯಲ್ಲಿ. ಗುರಿ ತಗಲಲು 8 ಅಥವಾ ಹೆಚ್ಚು ಬೇಕೆಂದು ಮಕ್ಕಳು ಗೊತ್ತುಮಾಡಿದ್ದರು. ಅದು 36ರಲ್ಲಿ 15 ಸಲ ದೊರೆಯುವಂಥದು. ಎದುರಾಳಿ ನಡೆಯುತ್ತಿದ್ದರೆ 9 ಬೇಕು, ಅಂದರೆ 10 ಸಲ. ಓಡುತ್ತಿದ್ದರೆ 10 ಬೇಕು, ಅಂದರೆ 6 ಸಲ ಮಾತ್ರ. ಒಂದೊಂದೇ ಅಂಕಿಯನ್ನು ಏರಿಸುವಾಗ ಅವಕಾಶ ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ಗಮನಿಸಬೇಕು. ಮಕ್ಕಳು ಇದನ್ನು ಗಮನಿಸದೆ, ಓಡುವವನಿಗೆ 2, ಮರದ ಮರೆಯಲ್ಲಿದ್ದರೆ ಇನ್ನೂ 2, ಹೊಡೆಯುವವನ ಯಂತ್ರ ಕಾದಿದ್ದರೆ 1 ಎಂದು ಸೇರಿಸುತ್ತ ಹೋದರು. 8ಕ್ಕೆ 5 ಸೇರಿದರೆ 13. ಎರಡು ದಾಳಗಳಲ್ಲಿ 13 ಬೀಳುವುದು ಎಂದಿಗೂ ಸಾಧ್ಯವಿಲ್ಲ! ಒಂದು ದಿನದ ಬಿಡುವೆಲ್ಲ ಒಂದು ಹೊಡೆತವೂ ತಗಲದೆ ಮುಗಿಯಿತಂತೆ. ಆ ಮೇಲೆ ಅವರೇ, ಏನೇನು ಸೇರಿದರೂ ಬೇಕಾದ ಮೊತ್ತ 11ನ್ನು ಮೀರಕೂಡದು ಎಂದು ಬರೆದರು.

ಆಟ ಎಷ್ಟು ಹೊತ್ತು ನಡೆದೀತು ಎಂಬುದನ್ನೂ ಲೆಕ್ಕದಿಂದ ತಿಳಿಯಬಹುದು. ಕವಚದ ಬಲ 20 ಅಂಶವೆನ್ನೋಣ. ಪ್ರತಿ ಸುತ್ತಿನಲ್ಲಿ 5 ಅಂಶದ ಒಂದು ಹೊಡೆತ, ತಗಲುವ ಸಂಭವ 36ರಲ್ಲಿ 15; ಸರಾಸರಿ ಹಾನಿ ಸುಮಾರು 2 ಅಂಶ. ಹಾಗಾದರೆ ಒಂದು ಯಂತ್ರ ಬೀಳಲು ಸುಮಾರು 10 ಸುತ್ತುಗಳು ಬೇಕು. ಸುತ್ತಿಗೆ ಮೂರು ನಿಮಿಷವೆಂದರೆ ಅರ್ಧ ಗಂಟೆ. ನಡುನಡುವೆ ಯಂತ್ರ ಕಾದು ನಿಂತರೆ ಇನ್ನೂ ಸ್ವಲ್ಪ ಹೆಚ್ಚು. ಊಟದ ಬಿಡುವಿಗೆ ಇದು ತಕ್ಕುದು. ಕವಚಕ್ಕೆ 40 ಅಂಶ ಕೊಟ್ಟಿದ್ದರೆ ಗಂಟೆ ಬಾರಿಸಿದರೂ ಆಟ ಮುಗಿಯುತ್ತಿರಲಿಲ್ಲ. ಭಿನ್ನರಾಶಿಯ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಕಂಡು ಆಕಳಿಸುತ್ತಿದ್ದ ಬಾಲಕನೊಬ್ಬನು ಈ 36 ರೀತಿಗಳ ಪಟ್ಟಿಯನ್ನು ತಾನಾಗಿಯೇ ಬರೆದು ತಂದು ತೋರಿಸಿದನೆಂಬುದನ್ನು ಹೆತ್ತವರು ಗಮನಿಸಬೇಕೆಂದು ಕೋರುತ್ತೇನೆ.

ಮೂರನೆಯದು, ಯಂತ್ರದೊಳಗಿನ ಮನುಷ್ಯ. ಯಂತ್ರಕ್ಕೆ ಮಾತ್ರ ನಿಯಮವಿದ್ದರೆ ಅದು ಚದುರಂಗದಂತಹ ಕಾಯಿಗಳ ಆಟವಾಗುತ್ತದೆ. ಪಾತ್ರ ಬೇಕಾದರೆ ಒಳಗಿರುವವನಿಗೂ ಒಂದು ಹಾಳೆ ಬೇಕು: ಅವನ ಹೆಸರು, ಊರು, ಬಲ್ಲ ವಿದ್ಯೆ, ಅಂಜುವ ವಸ್ತು. 2019ರಲ್ಲಿ ಅಮೆರಿಕದಿಂದ ಬಂದ ‘ಲಾನ್ಸರ್’ ಎಂಬ ಆಟದಲ್ಲಿ ಚಾಲಕನಿಗೆ ಬೇರೆ, ಯಂತ್ರಕ್ಕೆ ಬೇರೆ ನಿಯಮಗಳಿವೆ. ಅದೇ ಆಟದಲ್ಲಿ ಇನ್ನೊಂದು ಜಾಣ್ಮೆಯೂ ಉಂಟು. ಚಾಲಕನು ಯಂತ್ರವನ್ನು ಮಿತಿಮೀರಿ ದುಡಿಸಿ ಒಂದು ಹೆಚ್ಚಿನ ಕ್ರಿಯೆಯನ್ನು ಪಡೆಯಬಹುದು. ಮೊದಲ ಸಲ ಅದಕ್ಕೆ ತೆರುವ ಶಾಖ 1 ಅಂಶ ಮಾತ್ರ. ಎರಡನೆಯ ಸಲ 1ರಿಂದ 3ರವರೆಗೆ, ಮೂರನೆಯ ಸಲ 1ರಿಂದ 6ರವರೆಗೆ ದಾಳ ಬಿದ್ದಷ್ಟು. ಆ ಮೇಲೆ ಪ್ರತಿ ಸಲವೂ ದಾಳ ಬಿದ್ದಷ್ಟಕ್ಕೆ ಇನ್ನೂ 4 ಸೇರಿಸಿ. ಸಾಲಗಾರನ ಮನೆಯ ಬಡ್ಡಿಯಂತೆ ಆಸೆಯ ಬೆಲೆ ಏರುತ್ತ ಹೋಗುತ್ತದೆ. ‘ಅತಿಯಾಸೆ ಗತಿಗೇಡು’ ಎಂಬುದನ್ನು ಉಪದೇಶಿಸದೆ ಅಂಕಿಗಳಿಂದಲೇ ತಿಳಿಸುವ ಬಗೆ ಇದು.

ನಾಲ್ಕನೆಯದು ಭಾಷೆ. ಪುಸ್ತಕದಲ್ಲಿ ಒಂದು ನಿಯಮ ಹೀಗಿತ್ತು: “ಹತ್ತಿರವಿದ್ದರೆ ಹೊಡೆಯಬಹುದು.” ಹತ್ತಿರವೆಂದರೆ ಎಷ್ಟು? ಒಂದು ಮನೆಯೋ, ನಾಲ್ಕು ಮನೆಯೋ? ಅರ್ಧ ಜಗಳಗಳಿಗೆ ಮೂಲ ಇಂತಹ ವಾಕ್ಯಗಳೇ. ಅದನ್ನು “ನಡುವೆ ಮೂರು ಮನೆ ಅಥವಾ ಕಡಿಮೆ ಇದ್ದರೆ ಹೊಡೆಯಬಹುದು” ಎಂದು ತಿದ್ದಿದೆವು. ಮಕ್ಕಳು ಮೊದಲು ಕೆಲವು ನಿಯಮಗಳನ್ನು ಅರೆಬರೆ ಇಂಗ್ಲಿಷಿನಲ್ಲಿ ಬರೆದಿದ್ದರು. ಇಂತಹ ವಿಷಯಕ್ಕೆ ಕನ್ನಡ ಒದಗದೆಂದು ಅವರ ಎಣಿಕೆ. ನಾನು ಮೂರು ಮಾತುಗಳನ್ನು ನೆನಪಿಸಿದೆ: ‘ಬೇಕು’, ‘ಬಹುದು’, ‘ಕೂಡದು’. ಕಡ್ಡಾಯವಾದುದಕ್ಕೆ ಮೊದಲನೆಯದು, ಇಚ್ಛೆಗೆ ಬಿಟ್ಟುದಕ್ಕೆ ಎರಡನೆಯದು, ನಿಷೇಧಿಸಿದುದಕ್ಕೆ ಮೂರನೆಯದು. ಯಾವ ನಿಯಮಕ್ಕೂ ಈ ಮೂರರಲ್ಲಿ ಒಂದು ಸಾಕು. ಲೇಸರ್, ರಾಕೆಟ್ ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಂಡು ಉಳಿದುದನ್ನೆಲ್ಲ ಕನ್ನಡದಲ್ಲಿ ಬರೆದಾಗ ಹದಿನಾಲ್ಕು ಪುಟಗಳ ನಿಯಮಗಳು ಆರು ಪುಟಗಳಲ್ಲಿ ಅಡಗಿದವು. ಗಡಿಯ ಈಚೆಯಲ್ಲಿದ್ದು ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ತಮ್ಮ ನುಡಿ ಪದ್ಯಕ್ಕೂ ಪ್ರಾರ್ಥನೆಗೂ ಮಾತ್ರ ಮೀಸಲೆಂಬ ಶಂಕೆ ಒಮ್ಮೊಮ್ಮೆ ಬರುವುದುಂಟು. ಆ ಶಂಕೆಗೆ ಈ ಆರು ಪುಟಗಳು ಒಂದು ಉತ್ತರವೆಂದು ನಾನು ಭಾವಿಸುತ್ತೇನೆ.

ಬರೆದ ಮೇಲೆ ಪರೀಕ್ಷೆ. ಬರೆದವರೇ ಆಡಿದರೆ ತಪ್ಪು ಕಾಣದು; ಪುಸ್ತಕದಲ್ಲಿಲ್ಲದ್ದು ಅವರ ಮನಸ್ಸಿನಲ್ಲಿರುತ್ತದೆ. ಆದುದರಿಂದ ಆ ಆರು ಪುಟಗಳನ್ನು ಏಳನೆಯ ತರಗತಿಯ ಮಕ್ಕಳ ಕೈಗೆ ಕೊಟ್ಟು, ಬರೆದವರು ಪಕ್ಕದಲ್ಲಿ ಮೌನವಾಗಿ ಕುಳಿತಿರಬೇಕೆಂದು ಹೇಳಿದೆ. ಎಲ್ಲಿ ಅವರು ತಡೆದರೋ ಅಲ್ಲಿ ಗುರುತು. ಎಲ್ಲಿ ತಪ್ಪಾಗಿ ತಿಳಿದರೋ ಅಲ್ಲಿ ಎರಡು ಗುರುತು. ಒಂದು ಸಲಕ್ಕೆ ಒಂದೇ ನಿಯಮವನ್ನು ತಿದ್ದಬೇಕು. ಎರಡನ್ನು ಒಟ್ಟಿಗೆ ತಿದ್ದಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಕಲಿಸುವುದೂ ಇದನ್ನೇ.

“ಇದು ಯುದ್ಧದ ಆಟವಲ್ಲವೇ? ಮಕ್ಕಳ ಮನಸ್ಸು ಕಠಿಣವಾಗದೇ?” ಎಂದು ಒಬ್ಬ ತಾಯಿ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವಳು ಆ ಬಾಲಕಿ. ಮೊದಲ ನಿಯಮದಂತೆ ಎದುರಾಳಿಯ ಯಂತ್ರವನ್ನು ಕೆಡವಿದರೆ 2 ಅಂಕ. ಬಿದ್ದ ಯಂತ್ರದಿಂದ ಹೊರಕ್ಕೆ ಜಿಗಿದ ಚಾಲಕನ ಗತಿಯೇನೆಂದು ಯಾರೂ ಕೇಳುತ್ತಿರಲಿಲ್ಲ. ಅವಳು ಒಂದು ನಿಯಮವನ್ನು ಸೇರಿಸಿದಳು: “ತನ್ನ ಒಂದು ಸುತ್ತನ್ನು ಬಿಟ್ಟುಕೊಟ್ಟು, ಬಿದ್ದ ಚಾಲಕನನ್ನು ಎತ್ತಿಕೊಂಡವನಿಗೆ 3 ಅಂಕ. ಎತ್ತಿಕೊಂಡವನು ಯಾವ ಪಕ್ಷದವನಾದರೂ ಆಗಬಹುದು. ಬಿದ್ದವನೂ ಯಾವ ಪಕ್ಷದವನಾದರೂ ಆಗಬಹುದು.” ಮರುದಿನದಿಂದಲೇ ಆಟದ ರೀತಿ ಬದಲಾಯಿತು. ಹೊಡೆಯುವುದಕ್ಕಾಗಿ ಓಡುತ್ತಿದ್ದವರು ಎತ್ತಿಕೊಳ್ಳುವುದಕ್ಕಾಗಿ ಓಡತೊಡಗಿದರು. ಮೊದಲು ಅಂಕದ ಆಸೆಗೆ ಎತ್ತಿಕೊಂಡರು, ನಿಜ. ಕೆಲವು ದಿನಗಳ ಮೇಲೆ ಅಂಕ ಸಾಕಷ್ಟಿದ್ದವನೂ ಎತ್ತಿಕೊಂಡದ್ದನ್ನು ನಾನು ಕಂಡೆನು. ನಿಯಮ ಯಾವುದಕ್ಕೆ ಫಲ ಕೊಡುತ್ತದೆಯೋ ಆಟಗಾರನು ಅದನ್ನೇ ಮಾಡುತ್ತಾನೆ. ಈ ಮಾತು ಆಟಕ್ಕೆ ಮಾತ್ರ ಸಲ್ಲುವುದಲ್ಲ. ಬಾಯಿಪಾಠಕ್ಕೆ ಅಂಕ ಕೊಟ್ಟು, ಮಕ್ಕಳು ಯೋಚಿಸುವುದಿಲ್ಲವೆಂದು ಗೊಣಗುವ ನಮ್ಮಂತಹ ಉಪಾಧ್ಯಾಯರೂ ಇದನ್ನು ನೆನಪಿಡಬೇಕಾಗಿದೆ.

ಕೊನೆಗೆ ಆ ಜಗಳದ ತೀರ್ಪು. ತೀರ್ಪನ್ನು ನಾನು ಕೊಡಲಿಲ್ಲ, ನಿಯಮ ಬರೆದವನನ್ನೇ ಕೇಳಿದೆ: “ಆ ದಿನ ನೀನು ಗೆಲ್ಲುತ್ತಿದ್ದರೆ ಆ ನಿಯಮವನ್ನು ಬದಲಾಯಿಸುತ್ತಿದ್ದೆಯಾ?” ಅವನು ಬಹಳ ಹೊತ್ತು ಸುಮ್ಮನಿದ್ದು, “ಇಲ್ಲ, ಸಾರ್” ಎಂದನು. ಅವನು ಬದಲಾಯಿಸಿದ ನಿಯಮ ಮೊದಲಿನದಕ್ಕಿಂತ ಉತ್ತಮವಾಗಿಯೇ ಇತ್ತು. ಬದಲಾಯಿಸಿದ ಹೊತ್ತು ಮಾತ್ರ ತಪ್ಪು. ಈಗ ಪುಸ್ತಕದ ಮೊದಲ ಪುಟದಲ್ಲಿ, ಅವನದೇ ಅಕ್ಷರಗಳಲ್ಲಿ, ಮೂರು ಸಾಲುಗಳಿವೆ. ಆಟ ನಡೆಯುವಾಗ ನಿಯಮವನ್ನು ಬದಲಾಯಿಸಕೂಡದು. ಆಟ ಮುಗಿದ ಮೇಲೆ ಯಾರು ಬೇಕಾದರೂ ಬದಲಾವಣೆಯನ್ನು ಸೂಚಿಸಬಹುದು. ಅದಕ್ಕೆ ಎಲ್ಲರೂ ಒಪ್ಪಬೇಕು.

ವಿದ್ಯಾರ್ಥಿಗಳೇ, ಈ ಆಟಕ್ಕೆ ಬೇಕಾದುದು ಎರಡು ದಾಳ, ಚೌಕುಳಿ ಹಾಳೆ, ಒಂದು ಸೀಸದ ಕಡ್ಡಿ ಮತ್ತು ನಾಲ್ವರು ಗೆಳೆಯರು. ಇದ್ದ ಆಟವೊಂದನ್ನು ತೆಗೆದುಕೊಂಡು ಒಂದು ನಿಯಮವನ್ನು ಮಾತ್ರ ಬದಲಾಯಿಸಿ ನೋಡಿರಿ. ಎರವಲು ತಂದದ್ದು ಯಾರಿಂದ ಎಂಬುದನ್ನು ಮರೆಯದೆ ಬರೆದಿಡಿರಿ. ಹೆತ್ತವರೇ, ಮಕ್ಕಳು ದಾಳ ಉರುಳಿಸುವುದನ್ನು ಕಂಡರೆ ನನ್ನಂತೆ ಪುಸ್ತಕ ಕಸಿಯುವ ಮೊದಲು ಒಂದು ಪುಟವನ್ನಾದರೂ ಓದಿರಿ. ಆ ನಾಲ್ವರ ಪುಸ್ತಕದ ಪ್ರತಿಯೊಂದನ್ನು ಶಾಲೆಯ ವಾಚನಾಲಯದಲ್ಲಿ ಇರಿಸಲಾಗಿದೆ. ಕೊನೆಯ ನಾಲ್ಕು ಪುಟಗಳನ್ನು ಅವರು ಖಾಲಿ ಬಿಟ್ಟಿದ್ದಾರೆ. ಮುಂದೆ ಆಡುವವರು ತಮ್ಮ ನಿಯಮಗಳನ್ನು ಅಲ್ಲಿ ಬರೆಯಬಹುದು.